ಸರ್ವರ್ ನಿಧಾನವಾದಾಗ: ಮೆಮೊರಿಯ ಕೊರತೆಯನ್ನು ಗುರುತಿಸುವ ಕ್ರಮ

ವ್ಯಾಪಾರ ಸಂಸ್ಥೆಗಳಲ್ಲಿಯೂ ಸಣ್ಣ ಕೈಗಾರಿಕೆಗಳಲ್ಲಿಯೂ ಗಣಕಯಂತ್ರದ ಬಳಕೆ ಇಂದು ಕೇವಲ ಅನುಕೂಲದ ಮಾತಾಗಿ ಉಳಿದಿಲ್ಲ, ಅದು ಅನಿವಾರ್ಯವಾಗಿದೆ. ಬಿಲ್ಲು ಬರೆಯುವುದು, ದಾಸ್ತಾನಿನ ಲೆಕ್ಕ, ಬಾಕಿ ವಸೂಲಿ, ಕಾರ್ಮಿಕರ ಹಾಜರಿ ಮತ್ತು ಸಂಬಳ ಇವೆಲ್ಲವೂ ಕಚೇರಿಯ ಮೂಲೆಯಲ್ಲಿರುವ ಅಥವಾ ಬಾಡಿಗೆಗೆ ಪಡೆದಿರುವ ಒಂದು ಸರ್ವರ್‌ನ ಮೇಲೆ ನಿಂತಿವೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಈ ಅವಲಂಬನೆ ಇನ್ನಷ್ಟು ಹೆಚ್ಚಿತು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗಳನ್ನು ಮೀರಿದ ಸಂಸ್ಥೆಗಳು ಇತರ ನೋಂದಾಯಿತ ವ್ಯಾಪಾರಿಗಳಿಗೆ ನೀಡುವ ಬಿಲ್ಲುಗಳಿಗೆ ಇ-ಇನ್‌ವಾಯ್ಸ್ ಪಡೆಯುವುದು 2023ರ ಆಗಸ್ಟ್ 1ರಿಂದ ಕಡ್ಡಾಯವಾಗಿದೆ. ಮಾಸಿಕ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11ನೆಯ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೆಯ ತಾರೀಖು ಸಾಮಾನ್ಯ ಗಡುವು. ತೆರಿಗೆ ಬಾಕಿಯಿರುವ 3ಬಿ ತಡವಾದರೆ ದಿನಕ್ಕೆ 50 ರೂಪಾಯಿ ತಡಶುಲ್ಕವೂ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತದೆ.

ಸರ್ವರ್ ನಿಧಾನವಾಗುವುದು ಸಾಮಾನ್ಯವಾಗಿ ಇಂತಹ ದಿನಗಳಲ್ಲಿಯೇ. ಬೆಳಿಗ್ಗೆ ಸರಿಯಾಗಿದ್ದ ಯಂತ್ರ ಮಧ್ಯಾಹ್ನದ ವೇಳೆಗೆ ಒಂದು ಬಿಲ್ಲು ತೆರೆಯಲು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಸರಕು ತುಂಬಿದ ಲಾರಿ ಬಾಗಿಲಲ್ಲಿ ನಿಂತಿರುತ್ತದೆ. ತಂತ್ರಜ್ಞನನ್ನು ಕರೆಸಿದರೆ ಆತ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಪ್ರಾರಂಭಿಸುತ್ತಾನೆ. ಕೆಲಸ ಸರಾಗವಾಗುತ್ತದೆ, ಆದರೆ ಮುಂದಿನ ತಿಂಗಳು ಅದೇ ಕಥೆ. ಕೊನೆಗೆ "ಸರ್ವರ್ ಹಳೆಯದಾಯಿತು, ಹೆಚ್ಚು ವೇಗದ ಪ್ರೊಸೆಸರ್ ಇರುವ ಹೊಸದನ್ನು ಕೊಳ್ಳಬೇಕು" ಎಂಬ ಸಲಹೆಯೂ ಅದರ ಬೆನ್ನಿಗೆ ದರಪಟ್ಟಿಯೂ ಬರುತ್ತವೆ. ಅನೇಕ ಸಂದರ್ಭಗಳಲ್ಲಿ ಈ ಖರ್ಚು ಅನಗತ್ಯ. ಪ್ರೊಸೆಸರ್ ಬಹುಪಾಲು ಖಾಲಿಯಾಗಿಯೇ ಕುಳಿತಿರುತ್ತದೆ, ಕೊರತೆಯಿರುವುದು ಮೆಮೊರಿಯಲ್ಲಿ. ಈ ವ್ಯತ್ಯಾಸವನ್ನು ತಿಳಿಯಲು ಐದಾರು ಅಂಕಿಗಳನ್ನು ಸರಿಯಾದ ಕ್ರಮದಲ್ಲಿ ಓದಬಲ್ಲವರಾದರೆ ಸಾಕು. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ. ಲಿನಕ್ಸ್ ಸರ್ವರ್‌ಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಳ್ಳಲಾಗಿದೆ. ವಿಂಡೋಸ್ ಬಳಸುವವರಿಗೆ ಕೊನೆಯಲ್ಲಿ ಪ್ರತ್ಯೇಕ ವಿವರಣೆ ನೀಡಲಾಗಿದೆ.

ಹೊರೆ ಎಂದರೇನು?

ಲಿನಕ್ಸ್ ಸರ್ವರ್‌ನಲ್ಲಿ "ಅಪ್‌ಟೈಮ್" ಎಂಬ ಆಜ್ಞೆ ನೀಡಿದರೆ ಸಾಲಿನ ಕೊನೆಯಲ್ಲಿ ಮೂರು ಸಂಖ್ಯೆಗಳು ಕಾಣುತ್ತವೆ. ಇವು ಕ್ರಮವಾಗಿ ಕಳೆದ 1 ನಿಮಿಷ, 5 ನಿಮಿಷ ಮತ್ತು 15 ನಿಮಿಷಗಳ ಹೊರೆಯ ಸರಾಸರಿಗಳು. ತಂತ್ರಜ್ಞರು ಇದನ್ನೇ ಲೋಡ್ ಆವರೇಜ್ ಎನ್ನುತ್ತಾರೆ. ಈ ಸಂಖ್ಯೆಯನ್ನು ಸರ್ವರ್‌ನಲ್ಲಿರುವ ಕೋರ್‌ಗಳ ಸಂಖ್ಯೆಯೊಂದಿಗೆ ಹೋಲಿಸಿ ನೋಡಬೇಕು. ನಾಲ್ಕು ಕೋರ್‌ಗಳ ಯಂತ್ರದಲ್ಲಿ ಹೊರೆ 3 ಇದ್ದರೆ ಆತಂಕಕ್ಕೆ ಕಾರಣವಿಲ್ಲ. 18 ಇದ್ದರೆ ಕೆಲಸಗಳು ಸರತಿಯಲ್ಲಿ ನಿಂತಿವೆ ಎಂದರ್ಥ. ಮೊದಲ ಸಂಖ್ಯೆ ಮೂರನೆಯದಕ್ಕಿಂತ ದೊಡ್ಡದಾಗಿದ್ದರೆ ಹೊರೆ ಏರುತ್ತಿದೆ, ಚಿಕ್ಕದಾಗಿದ್ದರೆ ಇಳಿಯುತ್ತಿದೆ.

ತಪ್ಪು ತಿಳಿವಳಿಕೆ ಪ್ರಾರಂಭವಾಗುವುದು ಇಲ್ಲಿಂದಲೇ. ಹೊರೆ ಹೆಚ್ಚು ಎಂದೊಡನೆ ಪ್ರೊಸೆಸರ್‌ಗೆ ಕೆಲಸ ಹೆಚ್ಚಾಗಿದೆ ಎಂದು ಭಾವಿಸುವುದು ಸಹಜ. ಆದರೆ ಲಿನಕ್ಸ್‌ನ ಹೊರೆಯ ಲೆಕ್ಕದಲ್ಲಿ ಎರಡು ಬಗೆಯ ಪ್ರೊಸೆಸ್‌ಗಳು ಸೇರಿರುತ್ತವೆ: ಪ್ರೊಸೆಸರ್‌ನಲ್ಲಿ ಓಡುತ್ತಿರುವ ಅಥವಾ ಅದಕ್ಕಾಗಿ ಕಾಯುತ್ತಿರುವವು ಒಂದು ಬಗೆ, ಡಿಸ್ಕ್‌ನಂತಹ ಸಾಧನದಿಂದ ದತ್ತಾಂಶ ಬರುವವರೆಗೆ ಕದಲದೆ ನಿಂತಿರುವವು ಇನ್ನೊಂದು ಬಗೆ. ಎರಡನೆಯದನ್ನು ಎಣಿಕೆಗೆ ಸೇರಿಸಿದ್ದು 1993ರಲ್ಲಿ. ಅದಕ್ಕೆ ಆಗ ನೀಡಲಾದ ಕಾರಣ ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಮೆಮೊರಿ ಸಾಲದೆ ಡಿಸ್ಕ್ ಬಳಸುವ ಯಂತ್ರದಲ್ಲಿ ವೇಗದ ಡಿಸ್ಕ್ ತೆಗೆದು ನಿಧಾನದ ಡಿಸ್ಕ್ ಹಾಕಿದರೆ ಹೆಚ್ಚಿನ ಪ್ರೊಸೆಸ್‌ಗಳು ಡಿಸ್ಕ್‌ಗಾಗಿ ಕಾಯುತ್ತ ನಿಲ್ಲುತ್ತಿದ್ದವು. ಅವು ಎಣಿಕೆಗೆ ಸಿಗದೆ ಹೊರೆಯ ಅಂಕಿ ಏರುವ ಬದಲು ಇಳಿಯುತ್ತಿತ್ತು. ಈ ವಿಪರ್ಯಾಸವನ್ನು ತಪ್ಪಿಸಲೆಂದೇ ಡಿಸ್ಕ್‌ಗಾಗಿ ಕಾಯುವ ಪ್ರೊಸೆಸ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ಆದ್ದರಿಂದ ಹೊರೆಯ ಅಂಕಿ ಜ್ವರಮಾಪಕದಂತೆ: ಜ್ವರವಿದೆ ಎಂದು ಹೇಳುತ್ತದೆ, ರೋಗ ಯಾವುದೆಂದು ಹೇಳುವುದಿಲ್ಲ.

ಮೆಮೊರಿ ಸಾಲದಿದ್ದಾಗ ನಡೆಯುವುದೇನು?

ಅಂಗಡಿ ಮತ್ತು ಗೋದಾಮಿನ ಹೋಲಿಕೆಯಿಂದ ಇದು ಸುಲಭವಾಗಿ ತಿಳಿಯುತ್ತದೆ. ಕೈಗೆಟಕುವ ಕಪಾಟಿನಲ್ಲಿರುವ ಮಾಲನ್ನು ಗಿರಾಕಿಗೆ ತಕ್ಷಣ ತೆಗೆದುಕೊಡಬಹುದು. ಕಪಾಟು ತುಂಬಿದಾಗ ಸದ್ಯಕ್ಕೆ ಬೇಡದ ಮಾಲನ್ನು ಗೋದಾಮಿಗೆ ಕಳುಹಿಸಿ ಜಾಗ ಮಾಡಿಕೊಳ್ಳಲಾಗುತ್ತದೆ. ಸರ್ವರ್‌ನಲ್ಲಿ ಕಪಾಟೆಂದರೆ ಮೆಮೊರಿ, ಗೋದಾಮೆಂದರೆ ಡಿಸ್ಕ್. ಡಿಸ್ಕ್‌ನಲ್ಲಿ ಇದಕ್ಕಾಗಿ ಮೀಸಲಿಟ್ಟ ಜಾಗಕ್ಕೆ ಸ್ವಾಪ್ ಎಂದು ಹೆಸರು. ಮೆಮೊರಿಯನ್ನು ಪುಟಗಳಾಗಿ ವಿಂಗಡಿಸಲಾಗಿದ್ದು, ಕಚೇರಿಗಳಲ್ಲಿ ಸಾಮಾನ್ಯವಾಗಿ ಬಳಸುವ ಸರ್ವರ್‌ಗಳಲ್ಲಿ ಒಂದು ಪುಟದ ಗಾತ್ರ 4 ಕಿಲೋಬೈಟ್. ಬಹುಕಾಲ ಬಳಕೆಯಾಗದ ಪುಟಗಳು ಸ್ವಾಪ್‌ಗೆ ಹೋಗುವುದರಲ್ಲಿ ದೋಷವೇನೂ ಇಲ್ಲ. ಅದು ಜಾಗದ ಸದುಪಯೋಗವೇ ಸರಿ.

ತೊಂದರೆಯಾಗುವುದು ದಿನವೂ ಬೇಕಾಗುವ ಮಾಲಿಗೇ ಕಪಾಟು ಸಾಲದಾದಾಗ. ಆಗ ಒಬ್ಬ ಗಿರಾಕಿಗೆ ಬೇಕಾದುದನ್ನು ತರಲು ಇನ್ನೊಬ್ಬನಿಗೆ ಬೇಕಾದುದನ್ನು ಗೋದಾಮಿಗೆ ಕಳುಹಿಸಬೇಕು. ಮರುಕ್ಷಣ ಅದನ್ನೇ ಮರಳಿ ತರಬೇಕು. ಕೆಲಸದವರೆಲ್ಲ ದಾರಿಯಲ್ಲಿಯೇ ಇರುತ್ತಾರೆ, ವ್ಯಾಪಾರ ನಿಲ್ಲುತ್ತದೆ. ಮೆಮೊರಿಯಿಂದ ಒಂದು ಅಂಶವನ್ನು ಓದಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್‌ಡಿಸ್ಕ್‌ನಿಂದ ಓದಲು 5ರಿಂದ 10 ಮಿಲಿಸೆಕೆಂಡ್ ಬೇಕು. ಅಂದರೆ ಕಪಾಟಿನಿಂದ ಮಾಲು ತೆಗೆಯಲು ಒಂದು ಸೆಕೆಂಡ್ ಹಿಡಿಯುವುದಾದರೆ ಗೋದಾಮಿನಿಂದ ತರಲು ಒಂದು ಇಡೀ ದಿನವೇ ಬೇಕಾದೀತು. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್‌ಗಳು ಇದಕ್ಕಿಂತ ಬಹುಪಾಲು ವೇಗವಾದವು. ಆದರೂ ಮೆಮೊರಿಗಿಂತ ಸಾವಿರ ಪಟ್ಟಿನಷ್ಟು ನಿಧಾನ. ಎಸ್‌ಎಸ್‌ಡಿ ಹಾಕಿಸಿದರೆ ಮೆಮೊರಿಯ ಕೊರತೆಯ ನೋವು ಕಡಿಮೆಯಾದೀತು, ಕೊರತೆ ನೀಗದು.

ಮೆಮೊರಿಗೆ ಪೂರಕವಾಗಿ ಹಿನ್ನೆಲೆಯ ಸಂಗ್ರಹವನ್ನು ಬಳಸುವ ವಿಧಾನ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ 1962ರಲ್ಲಿ ಕಾರ್ಯಾರಂಭ ಮಾಡಿದ ಅಟ್ಲಾಸ್ ಗಣಕಯಂತ್ರದಷ್ಟು ಹಳೆಯದು. ಈ ವಿಧಾನದಿಂದ ಉಂಟಾಗಬಹುದಾದ ಕುಸಿತವನ್ನು 1968ರಲ್ಲಿ ಅಮೆರಿಕದ ಗಣಕವಿಜ್ಞಾನಿ ಪೀಟರ್ ಡೆನಿಂಗ್ ಅವರು ವಿವರಿಸಿದರು. ಇದಕ್ಕೆ ತ್ರ್ಯಾಶಿಂಗ್ ಎಂದು ಹೆಸರು. ಯಂತ್ರಕ್ಕೆ ಏಕಕಾಲದಲ್ಲಿ ವಹಿಸುವ ಕೆಲಸಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರೆ ಒಂದು ಮಿತಿಯವರೆಗೆ ಉತ್ಪಾದನೆ ಹೆಚ್ಚುತ್ತದೆ. ಪ್ರತಿ ಕೆಲಸಕ್ಕೂ ಆಗಾಗ ಬೇಕಾಗುವ ಪುಟಗಳೆಲ್ಲವೂ ಮೆಮೊರಿಯಲ್ಲಿ ಹಿಡಿಸದಾದ ಕ್ಷಣದಿಂದ ಉತ್ಪಾದನೆ ನಿಧಾನವಾಗಿ ಅಲ್ಲ, ಒಮ್ಮೆಲೇ ಕುಸಿಯುತ್ತದೆ. ನಲವತ್ತು ಜನ ಬಳಸುವಾಗ ಸರಾಗವಾಗಿದ್ದ ಸರ್ವರ್ ನಲವತ್ತೈದು ಜನರಾದೊಡನೆ ಸ್ತಬ್ಧವಾಗುವುದಕ್ಕೆ ಇದೇ ಕಾರಣ. ತಿಂಗಳಿನ ಕೆಲವೇ ದಿನಗಳಲ್ಲಿ ಮಾತ್ರ ತೊಂದರೆ ಕಾಣಿಸಿಕೊಳ್ಳುವುದಕ್ಕೂ ಇದೇ ಕಾರಣ.

ಪರೀಕ್ಷೆಯ ಕ್ರಮ

ಮೊದಲನೆಯದಾಗಿ ಒಂದು ಎಚ್ಚರಿಕೆ. ಸರ್ವರ್ ನಿಧಾನವಾದಾಗ ಅದನ್ನು ಕೂಡಲೇ ನಿಲ್ಲಿಸಿ ಮರುಪ್ರಾರಂಭಿಸುವ ಅಭ್ಯಾಸವನ್ನು ಬಿಡಬೇಕು. ಮರುಪ್ರಾರಂಭದಿಂದ ಮೆಮೊರಿ ಖಾಲಿಯಾಗಿ ಯಂತ್ರ ತಾತ್ಕಾಲಿಕವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಆ ಹೊತ್ತಿನ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಕೆಳಗಿನ ಅಂಕಿಗಳನ್ನು ಬರೆದಿಟ್ಟುಕೊಳ್ಳಲು ಐದು ನಿಮಿಷ ಸಾಕು. ಮರುಪ್ರಾರಂಭ ಅನಿವಾರ್ಯವಾದರೆ ಅದು ಆನಂತರದ ಮಾತು.

ಹಂತ 1: ಹೊರೆ ಮತ್ತು ಕೋರ್. ಅಪ್‌ಟೈಮ್ ಆಜ್ಞೆಯ ಮೂರು ಅಂಕಿಗಳನ್ನೂ ವೇಳೆಯನ್ನೂ ಬರೆದುಕೊಳ್ಳಬೇಕು. ಕೋರ್‌ಗಳ ಸಂಖ್ಯೆಯನ್ನು "ಎನ್‌ಪ್ರಾಕ್" ಎಂಬ ಆಜ್ಞೆ ತಿಳಿಸುತ್ತದೆ.

ಹಂತ 2: ಪ್ರೊಸೆಸರ್‌ನ ಸಮಯ ಎಲ್ಲಿ ಹೋಗುತ್ತಿದೆ? "ಟಾಪ್" ಎಂಬ ಆಜ್ಞೆ ನೀಡಿದಾಗ ಮೇಲ್ಭಾಗದಲ್ಲಿ ಪ್ರೊಸೆಸರ್‌ನ ಸಮಯದ ಹಂಚಿಕೆ ಶೇಕಡಾವಾರು ಕಾಣುತ್ತದೆ. ಇದರಲ್ಲಿ ಮೂರು ಅಂಕಣಗಳು ಮುಖ್ಯ. "ಯುಎಸ್" ಎಂಬುದು ತಂತ್ರಾಂಶಗಳು ಮಾಡುತ್ತಿರುವ ನಿಜವಾದ ಕೆಲಸ. "ಐಡಿ" ಎಂಬುದು ಬಿಡುವು. "ಡಬ್ಲ್ಯೂಎ" ಎಂಬುದು ಡಿಸ್ಕ್‌ನ ಕೆಲಸ ಮುಗಿಯಲೆಂದು ಕಾಯುತ್ತ ಪ್ರೊಸೆಸರ್ ಸುಮ್ಮನಿರುವ ಸಮಯ. ಯುಎಸ್ ಶೇ. 90ರ ಆಸುಪಾಸಿನಲ್ಲಿದ್ದರೆ ಪ್ರೊಸೆಸರ್‌ಗೆ ನಿಜವಾಗಿಯೂ ಕೆಲಸ ಹೆಚ್ಚಾಗಿದೆ. ಯುಎಸ್ ಕಡಿಮೆಯಿದ್ದು ಡಬ್ಲ್ಯೂಎ ಹೆಚ್ಚಾಗಿದ್ದರೆ ತೊಂದರೆಯ ದಾರಿ ಡಿಸ್ಕ್‌ನ ಕಡೆಗಿದೆ. ಆಗ ಮೂರನೆಯ ಹಂತಕ್ಕೆ ಹೋಗಬೇಕು.

ಹಂತ 3: ಮೆಮೊರಿ ಎಷ್ಟು ಉಳಿದಿದೆ? "ಫ್ರೀ" ಎಂಬ ಆಜ್ಞೆ ಮೆಮೊರಿಯ ಲೆಕ್ಕವನ್ನು ಕೊಡುತ್ತದೆ. ಇಲ್ಲಿ "ಫ್ರೀ" ಎಂಬ ಅಂಕಣವನ್ನು ನೋಡಿ ಗಾಬರಿಯಾಗುವವರು ಬಹಳ. ಲಿನಕ್ಸ್ ಬಿಡುವಾಗಿರುವ ಮೆಮೊರಿಯನ್ನು ಡಿಸ್ಕ್‌ನಿಂದ ಓದಿದ ಕಡತಗಳ ಪ್ರತಿಗಳನ್ನಿಡಲು ಬಳಸಿಕೊಳ್ಳುತ್ತದೆ. ತಂತ್ರಾಂಶಗಳಿಗೆ ಬೇಕಾದಾಗ ಅದರ ಬಹುಭಾಗವನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಆರೋಗ್ಯವಂತ ಸರ್ವರ್‌ನಲ್ಲಿಯೂ ಆ ಅಂಕಣ ಚಿಕ್ಕದಾಗಿಯೇ ಇರುತ್ತದೆ. ನೋಡಬೇಕಾದದ್ದು "ಅವೈಲಬಲ್" ಎಂಬ ಅಂಕಣವನ್ನು. ಇದು ಸ್ವಾಪ್‌ಗೆ ಕೈಹಾಕದೆ ಹೊಸ ಕೆಲಸಕ್ಕೆ ಎಷ್ಟು ಮೆಮೊರಿ ದೊರೆತೀತು ಎಂಬ ಅಂದಾಜು. ಒಟ್ಟು ಮೆಮೊರಿಯ ಒಂದೆರಡು ಶೇಕಡಾದಷ್ಟು ಮಾತ್ರ ಇಲ್ಲಿ ಉಳಿದಿದ್ದರೆ ಕೊರತೆಯ ಸಂಶಯ ಬಲವಾಗುತ್ತದೆ.

ಹಂತ 4: ಪುಟಗಳ ಓಡಾಟ ನಡೆದಿದೆಯೆ? ಇದು ನಿರ್ಣಾಯಕ ಹಂತ. "ವಿಎಂಸ್ಟ್ಯಾಟ್" ಎಂಬ ಆಜ್ಞೆಯನ್ನು ಪ್ರತಿ ಸೆಕೆಂಡಿಗೊಮ್ಮೆ ಅಂಕಿ ಕೊಡುವಂತೆ ಹತ್ತು ಬಾರಿ ಓಡಿಸಬೇಕು. ಮೊದಲ ಸಾಲು ಯಂತ್ರ ಪ್ರಾರಂಭವಾದಾಗಿನಿಂದ ಈವರೆಗಿನ ಸರಾಸರಿಯಾದ್ದರಿಂದ ಅದನ್ನು ಬಿಟ್ಟು ಉಳಿದ ಸಾಲುಗಳನ್ನು ಓದಬೇಕು. "ಎಸ್‌ಐ" ಎಂಬುದು ಸ್ವಾಪ್‌ನಿಂದ ಮೆಮೊರಿಗೆ ಬರುತ್ತಿರುವ ಪ್ರಮಾಣ. "ಎಸ್‌ಓ" ಎಂಬುದು ಮೆಮೊರಿಯಿಂದ ಸ್ವಾಪ್‌ಗೆ ಹೋಗುತ್ತಿರುವ ಪ್ರಮಾಣ. ಇವೆರಡೂ ಸೊನ್ನೆಯಾಗಿದ್ದು ಸ್ವಾಪ್‌ನಲ್ಲಿ ಒಂದಿಷ್ಟು ಪುಟಗಳು ಕುಳಿತಿದ್ದರೆ ಚಿಂತೆಯಿಲ್ಲ. ಅದು ಗೋದಾಮಿನಲ್ಲಿರುವ ಹಳೆಯ ಮಾಲು. ಇವೆರಡೂ ಸಾಲು ಸಾಲಿನಲ್ಲಿಯೂ ದೊಡ್ಡ ಸಂಖ್ಯೆಗಳಾಗಿದ್ದರೆ ಕಪಾಟು ಮತ್ತು ಗೋದಾಮಿನ ನಡುವೆ ಓಡಾಟ ನಿಲ್ಲದೆ ನಡೆದಿದೆ. ಸ್ವಾಪ್ ಎಷ್ಟು ತುಂಬಿದೆ ಎಂಬುದಕ್ಕಿಂತ ಎಷ್ಟು ಚಲಿಸುತ್ತಿದೆ ಎಂಬುದೇ ಮುಖ್ಯ. ಅದೇ ಪಟ್ಟಿಯ ಪ್ರಾರಂಭದಲ್ಲಿರುವ "ಆರ್" ಅಂಕಣ ಪ್ರೊಸೆಸರ್‌ನಲ್ಲಿರುವ ಅಥವಾ ಅದಕ್ಕಾಗಿ ಕಾಯುವವರನ್ನೂ, "ಬಿ" ಅಂಕಣ ಡಿಸ್ಕ್‌ಗಾಗಿ ಕಾಯುವವರನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

ಬಾಡಿಗೆಯ ಸರ್ವರ್‌ಗಳಲ್ಲಿ ಸ್ವಾಪ್ ಇಲ್ಲದಿರುವುದೂ ಉಂಟು. ಅಲ್ಲಿ ಎಸ್‌ಐ, ಎಸ್‌ಓ ಯಾವಾಗಲೂ ಸೊನ್ನೆಯೇ. ಅದರಿಂದ ಮೆಮೊರಿ ಸಾಕಷ್ಟಿದೆ ಎಂದು ತೀರ್ಮಾನಿಸಲಾಗದು. ಅಂತಹ ಯಂತ್ರವು ಜಾಗಕ್ಕಾಗಿ ತಂತ್ರಾಂಶಗಳ ಪುಟಗಳನ್ನೇ ಮೆಮೊರಿಯಿಂದ ಕೈಬಿಟ್ಟು ಮರುಕ್ಷಣ ಡಿಸ್ಕ್‌ನಿಂದ ಮತ್ತೆ ಓದುತ್ತಿರುತ್ತದೆ. ಡಿಸ್ಕ್‌ನ ಓದು ವಿಪರೀತ, ಅವೈಲಬಲ್ ಅತ್ಯಲ್ಪ. ಇವೆರಡೂ ಒಟ್ಟಿಗೆ ಕಂಡರೆ ಅಲ್ಲಿಯೂ ಕೊರತೆಯೇ ಕಾರಣವೆಂದು ತಿಳಿಯಬಹುದು. 2018ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 4.20ನೆಯ ಆವೃತ್ತಿಯಿಂದ ಮೆಮೊರಿಯ ಒತ್ತಡವನ್ನೇ ನೇರವಾಗಿ ಅಳೆಯುವ ಸೌಲಭ್ಯವೂ ಇದೆ. ಮೆಮೊರಿಗಾಗಿ ಪ್ರೊಸೆಸ್‌ಗಳು ಶೇಕಡಾ ಎಷ್ಟು ಸಮಯ ನಿಂತಿದ್ದವು ಎಂಬುದನ್ನು ಇದು 10 ಸೆಕೆಂಡ್, 1 ನಿಮಿಷ ಮತ್ತು 5 ನಿಮಿಷಗಳ ಸರಾಸರಿಯಾಗಿ ತಿಳಿಸುತ್ತದೆ. ಇದು ಲಭ್ಯವಿರುವ ಯಂತ್ರಗಳಲ್ಲಿ ತಂತ್ರಜ್ಞನಿಂದ ಈ ಅಂಕಿಯನ್ನೂ ಕೇಳಿ ಪಡೆಯುವುದು ಒಳ್ಳೆಯದು.

ಹಂತ 5: ಮೆಮೊರಿಯನ್ನು ತಿನ್ನುತ್ತಿರುವವರು ಯಾರು? ಟಾಪ್ ತೋರಿಸುತ್ತಿರುವಾಗ ದೊಡ್ಡಕ್ಷರದ "ಎಂ" ಒತ್ತಿದರೆ ಹೆಚ್ಚು ಮೆಮೊರಿ ಹಿಡಿದ ಪ್ರೊಸೆಸ್‌ಗಳು ಮೇಲಕ್ಕೆ ಬರುತ್ತವೆ. "ಆರ್‌ಇಎಸ್" ಅಂಕಣದಲ್ಲಿ ಪ್ರತಿಯೊಂದೂ ಮೆಮೊರಿಯಲ್ಲಿ ನಿಜವಾಗಿ ಹಿಡಿದಿರುವ ಜಾಗ ಕಾಣುತ್ತದೆ. ಹಲವು ಪ್ರೊಸೆಸ್‌ಗಳು ಹಂಚಿಕೊಂಡ ಭಾಗವನ್ನು ಇಲ್ಲಿ ಪ್ರತಿಯೊಂದರ ಲೆಕ್ಕದಲ್ಲಿಯೂ ತೋರಿಸುವುದರಿಂದ ಇವನ್ನು ಕೂಡಿದಾಗ ಬರುವ ಮೊತ್ತ ವಾಸ್ತವಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಇಲ್ಲಿ ಎರಡು ಬಗೆಯ ಚಿತ್ರಗಳು ಕಾಣಬಹುದು: ಒಂದೇ ದೈತ್ಯ ಪ್ರೊಸೆಸ್, ಅಥವಾ ಒಂದೇ ಹೆಸರಿನ ನೂರಾರು ಸಾಧಾರಣ ಪ್ರೊಸೆಸ್‌ಗಳು. ಮೊದಲನೆಯದಾದರೆ ಆ ತಂತ್ರಾಂಶದ ಅಳತೆಯಲ್ಲಿ ದೋಷ; ಎರಡನೆಯದಾದರೆ ಸಂಖ್ಯೆಯ ಮಿತಿಯಲ್ಲಿ ದೋಷ.

ಹಂತ 6: ದಾಖಲೆಗಳ ಪರಿಶೀಲನೆ. ಮೆಮೊರಿಯೂ ಸ್ವಾಪ್ ಕೂಡ ಮುಗಿದು ಬೇರೆ ದಾರಿಯೇ ಉಳಿಯದಿದ್ದಾಗ ಲಿನಕ್ಸ್ ಯಾವುದಾದರೊಂದು ಪ್ರೊಸೆಸನ್ನು ಬಲಾತ್ಕಾರವಾಗಿ ಮುಗಿಸಿಬಿಡುತ್ತದೆ. ಆಯ್ಕೆಯಲ್ಲಿ ಮುಖ್ಯ ಮಾನದಂಡ ಹಿಡಿದಿರುವ ಮೆಮೊರಿಯ ಪ್ರಮಾಣ. ಆದಕಾರಣ ಬಲಿಯಾಗುವುದು ಅನೇಕ ಬಾರಿ ದತ್ತಸಂಚಯದ ತಂತ್ರಾಂಶವೇ, ಅಂದರೆ ಬಿಲ್ಲು ಮತ್ತು ಲೆಕ್ಕಗಳೆಲ್ಲ ಇರುವ ಡೇಟಾಬೇಸ್. ಸರ್ವರ್‌ನ ದಾಖಲೆಯಲ್ಲಿ "ಔಟ್ ಆಫ್ ಮೆಮೊರಿ" ಎಂಬ ಸಾಲು ವೇಳೆಯ ಸಹಿತ ಕಂಡರೆ ಬೇರೆ ಸಾಕ್ಷ್ಯ ಬೇಕಿಲ್ಲ. "ಡೇಟಾಬೇಸ್ ಆಗಾಗ ತಾನಾಗಿಯೇ ನಿಂತುಹೋಗುತ್ತದೆ" ಎಂಬ ದೂರಿನ ಹಿಂದೆ ಈ ಸಾಲು ಅಡಗಿರುವ ಸಂಭವ ಹೆಚ್ಚು.

ಅಂಕಿಗಳನ್ನು ಒಟ್ಟುಗೂಡಿಸಿ ಓದುವುದು

ಮೇಲಿನ ಹಂತಗಳಿಂದ ನಾಲ್ಕು ತೀರ್ಮಾನಗಳಿಗೆ ಬರಬಹುದು.

ಒಂದು: ಹೊರೆ ಹೆಚ್ಚು, ಯುಎಸ್ ಹೆಚ್ಚು, ಡಬ್ಲ್ಯೂಎ ಕಡಿಮೆ, ಅವೈಲಬಲ್ ಸಾಕಷ್ಟು. ಇದು ಪ್ರೊಸೆಸರ್‌ನ ಮೇಲಿನ ನಿಜವಾದ ಹೊರೆ. ತಂತ್ರಾಂಶದ ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹೆಚ್ಚಿನ ಪ್ರೊಸೆಸರ್‌ನ ವಿಚಾರ ಮಾಡಬಹುದು.

ಎರಡು: ಹೊರೆ ಹೆಚ್ಚು, ಡಬ್ಲ್ಯೂಎ ಹೆಚ್ಚು, ಅವೈಲಬಲ್ ಅತ್ಯಲ್ಪ, ಎಸ್‌ಐ ಮತ್ತು ಎಸ್‌ಓ ನಿರಂತರ. ಇದು ಮೆಮೊರಿಯ ಕೊರತೆ. ಹೊಸ ಪ್ರೊಸೆಸರ್‌ನಿಂದ ಇಲ್ಲಿ ಯಾವ ಪ್ರಯೋಜನವೂ ಇಲ್ಲ.

ಮೂರು: ಹೊರೆ ಹೆಚ್ಚು, ಡಬ್ಲ್ಯೂಎ ಹೆಚ್ಚು, ಆದರೆ ಅವೈಲಬಲ್ ಧಾರಾಳ ಮತ್ತು ಸ್ವಾಪ್ ನಿಶ್ಚಲ. ಇಲ್ಲಿ ತೊಂದರೆ ಡಿಸ್ಕ್‌ನದ್ದೇ: ಕೆಡುತ್ತಿರುವ ಡಿಸ್ಕ್, ಹಗಲಿನಲ್ಲಿಯೇ ನಡೆಯುತ್ತಿರುವ ಬ್ಯಾಕಪ್, ಅಥವಾ ಸರಿಯಾದ ಸೂಚಿಯಿಲ್ಲದೆ ಇಡೀ ಲೆಕ್ಕಪತ್ರವನ್ನು ಜಾಲಾಡುವ ವರದಿ. ಮೆಮೊರಿ ಕೊಳ್ಳುವ ಮೊದಲು ಇವನ್ನು ಪರಿಶೀಲಿಸತಕ್ಕದ್ದು.

ನಾಲ್ಕು: ಹೊರೆ ಹೆಚ್ಚು, ಯುಎಸ್ ಮತ್ತು ಡಬ್ಲ್ಯೂಎ ಎರಡೂ ಕಡಿಮೆ, ಮೆಮೊರಿ ಧಾರಾಳ. ಜಾಲದ ಮೂಲಕ ಜೋಡಿಸಿದ ಇನ್ನೊಂದು ಯಂತ್ರದ ಸಂಗ್ರಹವು ಉತ್ತರ ಕೊಡದೆ ಪ್ರೊಸೆಸ್‌ಗಳು ಅಲ್ಲಿಯೇ ಸಿಕ್ಕಿಕೊಂಡಿರಬಹುದು. ಬಾಡಿಗೆಯ ಸರ್ವರ್ ಆಗಿದ್ದರೆ "ಎಸ್‌ಟಿ" ಎಂಬ ಅಂಕಣವನ್ನೂ ನೋಡಬೇಕು. ಅದು ಹೆಚ್ಚಾಗಿದ್ದರೆ ಒಂದೇ ಯಂತ್ರವನ್ನು ಹಂಚಿಕೊಂಡ ಇತರ ಬಾಡಿಗೆದಾರರ ಪಾಲಿಗೆ ಪ್ರೊಸೆಸರ್‌ನ ಸಮಯ ಹೋಗುತ್ತಿದೆ ಎಂದು ತಿಳಿಯಬೇಕು.

ಒಂದು ದೃಷ್ಟಾಂತ

ಲೆಕ್ಕ ಸ್ಪಷ್ಟವಾಗಲೆಂದು ಒಂದು ಕಾಲ್ಪನಿಕ ಸಂಸ್ಥೆಯನ್ನು ತೆಗೆದುಕೊಳ್ಳಬಹುದು. ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕ. ನಾಲ್ಕು ಕೋರ್, 8 ಗಿಗಾಬೈಟ್ ಮೆಮೊರಿಯ ಸರ್ವರ್. ಅದರಲ್ಲಿ ಅಪಾಚೆ ವೆಬ್ ಸರ್ವರ್ ಮತ್ತು ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗಳ ಮೂಲಕ ಬಿಲ್ಲಿನ ತಂತ್ರಾಂಶ ನಡೆಯುತ್ತದೆ. 11ನೆಯ ತಾರೀಖು ಮಧ್ಯಾಹ್ನ ದೊರೆತ ಅಂಕಿಗಳು ಹೀಗಿವೆ: ಹೊರೆ 18.40, 16.90, 9.75. ಯುಎಸ್ ಶೇ. 6, ಡಬ್ಲ್ಯೂಎ ಶೇ. 72. ಅವೈಲಬಲ್ 110 ಮೆಗಾಬೈಟ್. ಎಸ್‌ಐ ಮತ್ತು ಎಸ್‌ಓ ಪ್ರತಿ ಸಾಲಿನಲ್ಲಿಯೂ ಸಾವಿರಗಳಲ್ಲಿ. ಆರ್ ಅಂಕಣದಲ್ಲಿ 2, ಬಿ ಅಂಕಣದಲ್ಲಿ 15.

ಮೊದಲ ಸಂಖ್ಯೆ ಮೂರನೆಯದಕ್ಕಿಂತ ದೊಡ್ಡದಾದ್ದರಿಂದ ಹೊರೆ ಈಚಿನ ಹತ್ತು-ಹದಿನೈದು ನಿಮಿಷಗಳಲ್ಲಿ ಏರಿದೆ. ನಾಲ್ಕು ಕೋರ್‌ಗಳಿಗೆ 18ರ ಹೊರೆಯಿದ್ದರೂ ಪ್ರೊಸೆಸರ್ ಮಾಡುತ್ತಿರುವ ಕೆಲಸ ಶೇ. 6 ಮಾತ್ರ. ಕಾಯುತ್ತಿರುವ ಹದಿನೇಳರಲ್ಲಿ ಹದಿನೈದು ಡಿಸ್ಕ್‌ನ ಬಾಗಿಲಲ್ಲಿ ನಿಂತಿವೆ. ಎರಡನೆಯ ತೀರ್ಮಾನಕ್ಕೆ ಇದು ತಕ್ಕ ಉದಾಹರಣೆ.

ಈಗ ಕಾರಣದ ಲೆಕ್ಕ. ಡೇಟಾಬೇಸ್ 3 ಗಿಗಾಬೈಟ್, ಕಾರ್ಯಾಚರಣಾ ವ್ಯವಸ್ಥೆ ಮತ್ತಿತರ ಸಣ್ಣಪುಟ್ಟ ಸೇವೆಗಳು 1 ಗಿಗಾಬೈಟ್ ಹಿಡಿದಿವೆ. ವೆಬ್ ಸರ್ವರ್‌ಗೆ ಉಳಿಯುವುದು 4 ಗಿಗಾಬೈಟ್, ಅಂದರೆ 4096 ಮೆಗಾಬೈಟ್. ಅದರ ಒಂದೊಂದು ಪ್ರೊಸೆಸ್ ಸರಾಸರಿ 80 ಮೆಗಾಬೈಟ್ ಬಳಸುತ್ತಿದೆ. 4096ನ್ನು 80ರಿಂದ ಭಾಗಿಸಿದರೆ 51. ಆದರೆ ಒಂದೊಂದು ಕೋರಿಕೆಗೂ ಒಂದೊಂದು ಪ್ರೊಸೆಸ್ ನಿಯೋಜಿಸುವ ಅಪಾಚೆಯ ಪ್ರಿಫೋರ್ಕ್ ವಿಧಾನದಲ್ಲಿ, ಯಾರೂ ಬದಲಾಯಿಸದಿದ್ದರೆ ಪ್ರೊಸೆಸ್‌ಗಳ ಗರಿಷ್ಠ ಮಿತಿ 256. 256 ಪ್ರೊಸೆಸ್‌ಗಳಿಗೆ ಬೇಕಾಗುವುದು 20 ಗಿಗಾಬೈಟ್, ಇರುವುದು 4. ಸಾಮಾನ್ಯ ದಿನಗಳಲ್ಲಿ ಮೂವತ್ತು ಪ್ರೊಸೆಸ್‌ಗಳಲ್ಲಿ ಕೆಲಸ ಸಾಗುವುದರಿಂದ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಗಡುವಿನ ದಿನ ಎಲ್ಲರೂ ಒಟ್ಟಿಗೆ ವರದಿ ತೆಗೆಯತೊಡಗಿದಾಗ ಸಂಖ್ಯೆ 51ನ್ನು ದಾಟುತ್ತದೆ. ದಾಟಿದೊಡನೆ ಸ್ವಾಪ್ ಪ್ರಾರಂಭವಾಗಿ ಪ್ರತಿ ಕೋರಿಕೆಯೂ ನಿಧಾನವಾಗುತ್ತದೆ. ಹಳೆಯವು ಮುಗಿಯದ ಕಾರಣ ಹೊಸ ಪ್ರೊಸೆಸ್‌ಗಳು ಹುಟ್ಟುತ್ತವೆ. ಅವು ಇನ್ನಷ್ಟು ಮೆಮೊರಿ ಕೇಳುತ್ತವೆ. ಬೇಸತ್ತ ಗುಮಾಸ್ತರು ಒತ್ತಿದ ಗುಂಡಿಯನ್ನೇ ಮತ್ತೆ ಮತ್ತೆ ಒತ್ತುವುದರಿಂದ ಈ ವಿಷವರ್ತುಲ ಪೂರ್ಣವಾಗುತ್ತದೆ.

ಪರಿಹಾರಗಳು

ಮೊದಲ ಪರಿಹಾರಕ್ಕೆ ಖರ್ಚಿಲ್ಲ. ಪ್ರೊಸೆಸ್‌ಗಳ ಗರಿಷ್ಠ ಮಿತಿಯನ್ನು ಲೆಕ್ಕಕ್ಕೆ ತಕ್ಕಂತೆ ಇಳಿಸುವುದು. ಮೇಲಿನ ದೃಷ್ಟಾಂತದಲ್ಲಿ ಸ್ವಲ್ಪ ಎಡೆಯಿರಲೆಂದು ಅದನ್ನು 45ಕ್ಕೆ ನಿಗದಿಪಡಿಸಬಹುದು. ನಲವತ್ತಾರನೆಯ ಕೋರಿಕೆ ಬಾಗಿಲಲ್ಲಿ ಕಾಯುತ್ತದೆ ಎಂಬುದು ನಿಜ; ಆದರೆ ಒಳಗಿರುವವು ಪೂರ್ಣ ವೇಗದಲ್ಲಿ ಮುಗಿಯುವುದರಿಂದ ಆ ಕಾಯುವಿಕೆ ಅಲ್ಪಕಾಲದ್ದು. ಎಲ್ಲರನ್ನೂ ಒಳಗೆ ಬಿಟ್ಟು ಎಲ್ಲರನ್ನೂ ನಿಲ್ಲಿಸುವುದಕ್ಕಿಂತ ಕೆಲವರನ್ನು ಹೊರಗೆ ನಿಲ್ಲಿಸಿ ಎಲ್ಲರಿಗೂ ಬೇಗ ಮುಗಿಸಿಕೊಡುವುದು ಲೇಸು.

ಎರಡನೆಯದು, ಡೇಟಾಬೇಸ್‌ನ ಅಳತೆ. ಮೈಎಸ್‌ಕ್ಯೂಎಲ್‌ನಲ್ಲಿ ಮಾಹಿತಿಯನ್ನು ಮೆಮೊರಿಯಲ್ಲಿರಿಸುವ ಬಫರ್ ಪೂಲ್‌ನ ಗಾತ್ರವನ್ನು ನಿರ್ದಿಷ್ಟಪಡಿಸಬಹುದು. ಡೇಟಾಬೇಸ್‌ಗೆಂದೇ ಪ್ರತ್ಯೇಕ ಯಂತ್ರವಿರುವಲ್ಲಿ ಮೆಮೊರಿಯ ಬಹುಭಾಗವನ್ನು ಅದಕ್ಕೆ ಕೊಡುವುದು ವಾಡಿಕೆ. ಅದೇ ಸೂತ್ರವನ್ನು ವೆಬ್ ಸರ್ವರ್ ಕೂಡ ಇರುವ ಯಂತ್ರಕ್ಕೆ ಅನ್ವಯಿಸಿದರೆ ಕೊರತೆಯನ್ನು ಕೈಯಾರೆ ಆಹ್ವಾನಿಸಿದಂತೆ.

ಮೂರನೆಯದು, ಕೆಲಸಗಳ ವೇಳೆಯ ಹಂಚಿಕೆ. ಬ್ಯಾಕಪ್, ಇಡೀ ವರ್ಷದ ದಾಸ್ತಾನಿನ ವರದಿ, ವೈರಸ್ ಶೋಧನೆ ಇವನ್ನು ರಾತ್ರಿಯ ವೇಳೆಗೆ ಇರಿಸಬೇಕು.

ನಾಲ್ಕನೆಯದು, ಸೋರಿಕೆಯ ಪತ್ತೆ. ಒಂದು ಪ್ರೊಸೆಸ್ ಹಿಡಿದ ಮೆಮೊರಿ ಬಳಕೆದಾರರ ಸಂಖ್ಯೆಗೆ ಸಂಬಂಧವಿಲ್ಲದೆ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದರೆ, ತಂತ್ರಾಂಶವು ಪಡೆದ ಮೆಮೊರಿಯನ್ನು ಹಿಂತಿರುಗಿಸುತ್ತಿಲ್ಲವೆಂಬ ಸಂಶಯಕ್ಕೆ ಎಡೆಯಾಗುತ್ತದೆ. ಇಂತಹ ತಂತ್ರಾಂಶಕ್ಕೆ ಎಷ್ಟು ಮೆಮೊರಿ ಕೊಟ್ಟರೂ ಸಾಲದು. ಅದನ್ನು ಒದಗಿಸಿದವರಿಂದಲೇ ಸರಿಪಡಿಸಿಕೊಳ್ಳಬೇಕು. ಪ್ರತಿದಿನ ಒಂದೇ ವೇಳೆಗೆ ಆರ್‌ಇಎಸ್ ಅಂಕಿಯನ್ನು ಒಂದು ವಾರ ಬರೆದಿಟ್ಟರೆ ಇದು ಸ್ಪಷ್ಟವಾಗುತ್ತದೆ.

ಇವೆಲ್ಲವನ್ನೂ ಮಾಡಿದ ಮೇಲೂ ಕೊರತೆ ಉಳಿದರೆ ಮೆಮೊರಿಯನ್ನು ಕೊಳ್ಳುವುದು ನ್ಯಾಯವಾದ ಖರ್ಚು. ಆಗಲೂ ಸರ್ವರ್‌ನ ಕೈಪಿಡಿಯನ್ನು ನೋಡಿ ಯಾವ ಪೀಳಿಗೆಯ, ಯಾವ ಬಗೆಯ ಮೆಮೊರಿ ಹೊಂದುತ್ತದೆ, ಖಾಲಿ ಸ್ಥಾನಗಳೆಷ್ಟು ಎಂದು ತಿಳಿಯಬೇಕು. ಡಿಡಿಆರ್4 ಇರುವಲ್ಲಿ ಡಿಡಿಆರ್5 ಕೂರುವುದಿಲ್ಲ. ಸರ್ವರ್‌ಗಳಲ್ಲಿ ಬಳಸುವ ರಿಜಿಸ್ಟರ್ಡ್ ಬಗೆಯನ್ನೂ ಸಾಮಾನ್ಯ ಬಗೆಯನ್ನೂ ಬೆರೆಸಲಾಗದು. ಮೆಮೊರಿಯ ಬೆಲೆಯಲ್ಲಿ ಏರಿಳಿತ ಹೆಚ್ಚಾದ್ದರಿಂದ ಹಳೆಯ ದರಪಟ್ಟಿಯನ್ನು ನೆಚ್ಚದೆ ಖರೀದಿಯ ವಾರದಲ್ಲಿ ಎರಡು ಮೂರು ಕಡೆ ವಿಚಾರಿಸುವುದು ಉಚಿತ. ಸ್ವಾಪ್‌ನ ಗಾತ್ರವನ್ನು ಹೆಚ್ಚಿಸುವುದು ಡೇಟಾಬೇಸ್ ಹಠಾತ್ತನೆ ನಿಲ್ಲುವುದನ್ನು ತಡೆಯಬಹುದು. ಆದರೆ ಅದರಿಂದ ವೇಗ ಮರಳುವುದಿಲ್ಲ.

ವಿಂಡೋಸ್ ಸರ್ವರ್ ಬಳಸುವವರಿಗೆ

ಲೆಕ್ಕಪತ್ರದ ತಂತ್ರಾಂಶವನ್ನು ವಿಂಡೋಸ್ ಸರ್ವರ್‌ನಲ್ಲಿರಿಸಿ ಹಲವರು ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬಳಸುವ ಪದ್ಧತಿ ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯ. ಇಲ್ಲಿ ಪ್ರತಿಯೊಬ್ಬ ಬಳಕೆದಾರನಿಗೂ ಪ್ರತ್ಯೇಕ ಅಧಿವೇಶನ ತೆರೆಯುವುದರಿಂದ ಮೆಮೊರಿಯ ಅಗತ್ಯ ಜನರ ಸಂಖ್ಯೆಗೆ ತಕ್ಕಂತೆ ಏರುತ್ತದೆ. ಕೆಲಸ ಮುಗಿದ ಮೇಲೆ ಸರಿಯಾಗಿ ಹೊರಬರದೆ ಕಿಟಕಿಯನ್ನು ಮಾತ್ರ ಮುಚ್ಚಿದರೆ ಆ ಅಧಿವೇಶನ ಒಳಗೇ ಉಳಿದು ಮೆಮೊರಿಯನ್ನು ಹಿಡಿದಿರುತ್ತದೆ. ಹತ್ತು ಜನರ ಕಚೇರಿಯಲ್ಲಿ ಇಂತಹ ಅನಾಥ ಅಧಿವೇಶನಗಳೇ ಐದಾರು ಇರುವುದುಂಟು.

ವಿಂಡೋಸ್‌ನಲ್ಲಿ ಲಿನಕ್ಸ್‌ನ ಹೊರೆಯ ಸರಾಸರಿಯಂತಹ ಅಂಕಿ ಸಾಮಾನ್ಯವಾಗಿ ಕಾಣಸಿಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್‌ನ ಬಳಕೆ ಕಡಿಮೆಯಿದ್ದು, ಡಿಸ್ಕ್ ಸದಾ ಶೇ. 100ರ ಹತ್ತಿರವಿದ್ದು, ಮೆಮೊರಿಯಲ್ಲಿ ಅವೈಲಬಲ್ ಅತ್ಯಲ್ಪವಾಗಿದ್ದರೆ ಚಿತ್ರ ಅದೇ. ರಿಸೋರ್ಸ್ ಮಾನಿಟರ್‌ನ ಮೆಮೊರಿ ಪುಟದಲ್ಲಿ "ಹಾರ್ಡ್ ಫಾಲ್ಟ್ಸ್" ಎಂಬ ಅಂಕಿ ಇದನ್ನು ದೃಢಪಡಿಸುತ್ತದೆ. ತಂತ್ರಾಂಶ ತೆರೆಯುವಾಗ ಈ ಅಂಕಿ ಕ್ಷಣಕಾಲ ಏರುವುದು ಸಹಜ; ಗಂಟೆಗಟ್ಟಲೆ ಏರಿದ ಮಟ್ಟದಲ್ಲಿಯೇ ನಿಲ್ಲುವುದು ರೋಗದ ಲಕ್ಷಣ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಬಳಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅದರಲ್ಲಿರುವ ಗರಿಷ್ಠ ಮೆಮೊರಿಯ ಮೂಲ ಮಿತಿ 2147483647 ಮೆಗಾಬೈಟ್, ಅಂದರೆ ವಾಸ್ತವವಾಗಿ ಮಿತಿಯೇ ಇಲ್ಲ. ಇತರ ತಂತ್ರಾಂಶಗಳೂ ಅದೇ ಯಂತ್ರದಲ್ಲಿದ್ದರೆ ಈ ಮಿತಿಯನ್ನು ಲೆಕ್ಕ ಹಾಕಿ ನಿಗದಿಪಡಿಸುವುದು ಅತ್ಯವಶ್ಯ.

ಮಾಲೀಕರು ಕೇಳಬೇಕಾದ ಪ್ರಶ್ನೆಗಳು

ಆಜ್ಞೆಗಳನ್ನು ಮಾಲೀಕರು ತಾವೇ ನೀಡಬೇಕೆಂದಿಲ್ಲ. ಆದರೆ ಹೊಸ ಸರ್ವರ್‌ನ ದರಪಟ್ಟಿಗೆ ಸಹಿ ಹಾಕುವ ಮೊದಲು ಈ ಐದು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯುವುದು ಸೂಕ್ತ.

1. ಸರ್ವರ್ ನಿಧಾನವಾಗಿದ್ದ ವೇಳೆಯಲ್ಲಿ ಹೊರೆ ಎಷ್ಟಿತ್ತು, ಕೋರ್‌ಗಳೆಷ್ಟು?
2. ಆ ವೇಳೆಯಲ್ಲಿ ಪ್ರೊಸೆಸರ್ ಕೆಲಸ ಮಾಡುತ್ತಿತ್ತೆ, ಡಿಸ್ಕ್‌ಗಾಗಿ ಕಾಯುತ್ತಿತ್ತೆ?
3. ಅವೈಲಬಲ್ ಮೆಮೊರಿ ಎಷ್ಟಿತ್ತು? ಸ್ವಾಪ್‌ನಲ್ಲಿ ಚಲನೆ ಇತ್ತೆ?
4. ಹೆಚ್ಚು ಮೆಮೊರಿ ಹಿಡಿದಿದ್ದ ತಂತ್ರಾಂಶ ಯಾವುದು? ಅದಕ್ಕೆ ವಿಧಿಸಿದ ಮಿತಿ ಎಷ್ಟು?
5. ಮಿತಿಯನ್ನು ಸರಿಪಡಿಸಿದ ಮೇಲೆ ಒಂದು ಗಡುವಿನ ದಿನವನ್ನಾದರೂ ಗಮನಿಸಿ ನೋಡಲಾಗಿದೆಯೆ?

ಬಲ್ಲ ತಂತ್ರಜ್ಞನಿಗೆ ಈ ಪ್ರಶ್ನೆಗಳಿಂದ ಬೇಸರವಾಗದು. ಅವು ಅವನ ಕೆಲಸವನ್ನೇ ಹಗುರಗೊಳಿಸುತ್ತವೆ. ಅಂಕಿಗಳಿಲ್ಲದೆ ಬಂದ ಸಲಹೆಯನ್ನು ಲೆಕ್ಕವಿಲ್ಲದ ಬಿಲ್ಲಿನಂತೆಯೇ ಪರಿಗಣಿಸಬೇಕು. ಸರ್ವರ್ ಸರಿಯಿರುವ ದಿನಗಳಲ್ಲಿಯೂ ವಾರಕ್ಕೊಮ್ಮೆ ಇವೇ ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬೆಳೆಸಿಕೊಂಡರೆ ಇನ್ನೂ ಒಳಿತು. ಆರೋಗ್ಯದ ದಿನದ ಅಂಕಿ ಕೈಯಲ್ಲಿದ್ದರೆ ಜ್ವರದ ದಿನದ ಅಂಕಿಯನ್ನು ಹೋಲಿಸಿ ನೋಡಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಅನಗತ್ಯ ಖರೀದಿಗೆ ಹೋಗಬಹುದಾಗಿದ್ದ ಹಣವೂ ವ್ಯಾಪಾರದ ಬಂಡವಾಳವಾಗಿಯೇ ಉಳಿಯುತ್ತದೆ.